ಭಾವನ ಗ್ಯಾರೇಜಿನ ಮುಷ್ಕರಗಾರರು

ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದರು ಎಂಬುದೆಲ್ಲ ನಮ್ಮ ಭಾವನಿಗೆ ಗೊತ್ತು. ಕ್ಯಾಲಿಫೋರ್ನಿಯಾದ ಸೆರಿಟೋಸಿನ ಸ್ವಂತ ಮನೆಯಲ್ಲಿ ಯಾರು ಮುನಿಸಿಕೊಂಡಿದ್ದಾರೆ ಎಂಬುದು ಮಾತ್ರ ಅಕ್ಕ ಹೇಳಿದ ಮೇಲೇ ತಿಳಿಯುವುದು!

ರಿಟೈರ್ ಆದವರು ಗಾಲ್ಫೋ ಗುಲಾಬಿ ಗಿಡವೋ ಏನಾದರೊಂದು ಹಿಡಿಯುತ್ತಾರೆ. ಭಾವ ಹಿಡಿದದ್ದು ಹಳೆಯ ಇಂಗ್ಲಿಷ್ ಪತ್ರಿಕೆಗಳ ವ್ಯಂಗ್ಯಚಿತ್ರಗಳನ್ನು. ಅದರಲ್ಲೂ ಕಾರ್ಮಿಕ ಸಂಘ, ಮುಷ್ಕರ ಇದ್ದರೆ ಮಾತ್ರ ಬೇಕು. ಲಾಕ್‌ಡೌನಿನಲ್ಲಿ ಊರೆಲ್ಲ ಬ್ರೆಡ್ ಬೇಯಿಸುತ್ತಿದ್ದಾಗ ಇವರು ಪ್ರಿಂಟ್ ತರಿಸುತ್ತಿದ್ದರು. ಈಗ ಗ್ಯಾರೇಜಿನಲ್ಲಿ ಚಿತ್ರಗಳು, ಬೀದಿಯಲ್ಲಿ ಕಾರು. ಪೊವೇಯ ನನ್ನ ಮನೆಯಿಂದ ಎರಡು ಗಂಟೆ ಡ್ರೈವ್ ಮಾಡಿಕೊಂಡು ಹೋದಾಗಲೆಲ್ಲ ನನಗೆ ಕಾಫಿಗೆ ಮೊದಲು ಪಾಠ.

"ನೋಡಮ್ಮ, ಎತ್ತರದ ಟೋಪಿ ಅಂದ್ರೆ ಮಾಲೀಕ. ಕಾಗದದ ಟೋಪಿ ಅಂದ್ರೆ ಕೆಲಸಗಾರ. ಹೊಟ್ಟೆ ಬಿಟ್ಕೊಂಡು ಚುಟ್ಟಾ ಸೇದ್ತಿದಾನಲ್ಲ, ಅವನು ಸಂಘದ ಮುಖಂಡ."

"ಮೂಲೇಲಿ ಅಳ್ತಿರೋದು?"

"ಕೆಲಸಗಾರನ ಹೆಂಡತಿ. ಸ್ಟ್ರೈಕ್ ಅಲ್ವಾ, ಒಲೆ ಹಚ್ಚಿಲ್ಲ, ಮಕ್ಕಳಿಗೆ ಊಟ ಇಲ್ಲ."

"ಹಾಗಾದ್ರೆ ಬರೆದವನು ಯಾರ ಕಡೆ ಭಾವ?"

"ಅದೇ ನಂಗೂ ಗೊತ್ತಾಗ್ತಿಲ್ಲ. ಕೆಲಸಗಾರ ಪಾಪ ಒಳ್ಳೆಯವನು ಅಂತಾನೆ. ಸಂಘ ಸೇರಿದ ಕೂಡ್ಲೇ ಅವನಿಗೇ ಕತ್ತೆ ತಲೆ ಇಡ್ತಾನೆ. ಇನ್ನೊಂದರಲ್ಲಿ ಮಾಲೀಕನನ್ನೂ ಬಿಡಲ್ಲ."

ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಈ ಸಲ ನಾನು ಅಲ್ಲಿದ್ದಾಗಲೇ ಭಾವನ ಮಗಳು ನರ್ಸಾಗಿ ಕೆಲಸ ಮಾಡುವ ಆಸ್ಪತ್ರೆಯ ನರ್ಸುಗಳೆಲ್ಲ ಮುಷ್ಕರ ಹೂಡಿದರು. ಒಬ್ಬೊಬ್ಬರ ತಲೆಗೆ ಅಷ್ಟೊಂದು ರೋಗಿಗಳನ್ನು ಕಟ್ಟಬೇಡಿ ಎಂಬುದು ಬೇಡಿಕೆ. "ಅಪ್ಪಾ, ಆರ್ ಯು ವಿತ್ ಅಸ್?" ಎಂದು ಮಗಳು ಕೇಳಿದಳು. ಹೂಂ ಎನ್ನಲು ಎಷ್ಟು ಹೊತ್ತು ಬೇಕು ಹೇಳಿ? ಭಾವ ಗ್ಯಾರೇಜಿನ ಕಡೆ ನೋಡಿ, "ಎರಡೂ ಕಡೆ ವಿಚಾರ ಮಾಡ್ಬೇಕಮ್ಮ" ಎಂದರು. ಅವಳು ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಭಾವನಿಗೆ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಭಾವ ತಾವೇ ಒಂದು ದೊಡ್ಡ ಟ್ರೇ ವಾಂಗೀಬಾತ್ ಕಲಸಿ ನನ್ನ ಕಾರು ಹತ್ತಿದರು. ಮುಷ್ಕರದವರು ಉಪವಾಸ ಇರುತ್ತಾರೆ ಎಂಬುದು ಗ್ಯಾರೇಜಿನ ಜ್ಞಾನ. ಹೋಗಿ ನೋಡಿದರೆ ಡ್ರಮ್ಮು, ಡಾನ್ಸು, ಡಬ್ಬಗಟ್ಟಲೆ ಡೋನಟ್ಟು! ಎಲ್ಲರ ತಲೆಯ ಮೇಲೂ ಬಿಸಿಲಿಗೆ ಟೋಪಿ. ಯಾರು ಮಾಲೀಕ, ಯಾರು ಕೆಲಸಗಾರ ಎಂದು ತಿಳಿಯದೆ ಭಾವ ಕಕ್ಕಾಬಿಕ್ಕಿಯಾದರು. ಗೇಟಿನ ಆಚೆ, ಟೋಪಿಯಿಲ್ಲದ, ಮಾಸಲು ಟೀಶರ್ಟಿನ ಕಡ್ಡಿಯಂಥ ಮನುಷ್ಯನೊಬ್ಬ ಒಂಟಿಯಾಗಿ ನಿಂತಿದ್ದ.

"ಪಾಪ, ಇವನೇ ಕೆಲಸಗಾರ" ಎಂದು ಭಾವ ನೇರ ಅವನ ಬಳಿ ಹೋಗಿ ಪ್ಲೇಟ್ ತುಂಬ ಬಡಿಸಿದರು. ಅವನು ಎರಡನೆಯ ಸಲವೂ ಹಾಕಿಸಿಕೊಂಡ. ಅವನು ಆಸ್ಪತ್ರೆಯ ಆಡಳಿತಾಧಿಕಾರಿಯೆಂದೂ, ಸೊರಗಿದ್ದು ಡಯಟ್ಟಿನಿಂದೆಂದೂ ಆಮೇಲೆ ತಿಳಿಯಿತು.

ಮಗಳು ಓಡಿ ಬಂದಳು. ಕಣ್ಣು ತುಂಬಿತ್ತು. "ಮೊದಲು ಅವನಿಗಾ, ಅಪ್ಪಾ?"

ಭಾವ ಸೌಟು ಹಿಡಿದೇ ನಿಂತರು. "ನಂಗೆ ಗೊತ್ತಾಗ್ಲಿಲ್ಲ ಮಗಳೇ. ನಿಮ್ಮ ತಾತ ದಾವಣಗೆರೆ ಮಿಲ್ಲಲ್ಲಿ ಸ್ಟ್ರೈಕ್ ಮಾಡ್ದಾಗ ಯಾರೋ ಗೋಡೆ ಮೇಲೆ ಅವರ ಚಿತ್ರ ಬರೆದಿದ್ರು. ಡೊಳ್ಳು ಹೊಟ್ಟೆ, ಕೈಲಿ ಸಾರಾಯಿ ಬಾಟ್ಲಿ. ಅಪ್ಪ ಹೆಂಡ ಮುಟ್ಟಿದೋರಲ್ಲ, ಅಂಗಿ ತೆಗೆದ್ರೆ ಎಲುಬು ಎಣಿಸಬಹುದಿತ್ತು. ನಾನು ಆ ಚಿತ್ರ ನೋಡಿ ಎಲ್ಲರ ಜೊತೆ ನಕ್ಕುಬಿಟ್ಟೆ. ತಿರುಗಿ ನೋಡಿದ್ರೆ ಅಪ್ಪ ಹಿಂದೇನೇ ನಿಂತಿದ್ರು."

ಸೌಟಿನಿಂದ ಟ್ರೇಯ ಅಂಚು ಕೆರೆಯುತ್ತ ಹೇಳಿದರು: "ಯಾರಾದ್ರೂ ಒಬ್ಬರು ಅಪ್ಪನಂಥೋರನ್ನ ಇದ್ದ ಹಾಗೇ ಬರೆದಿದಾರೇನೋ ಅಂತ ಆ ಹಳೇ ಚಿತ್ರಗಳಲ್ಲೆಲ್ಲ ಹುಡುಕ್ತಾ ಇದೀನಿ. ಸಿಕ್ಕಿಲ್ಲ."

ಇಷ್ಟು ವರ್ಷ ಆ ಗ್ಯಾರೇಜಿನಲ್ಲಿ ನಿಂತು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಮಗಳು ಅವರ ಕೈಯ ಸೌಟನ್ನು ನನಗೆ ಕೊಟ್ಟು, ತನ್ನ ಪ್ಲಕಾರ್ಡನ್ನು ಅಪ್ಪನ ಕೈಗಿಟ್ಟಳು. ಇಬ್ಬರೂ ಸಾಲಿನಲ್ಲಿ ನಡೆದರು. ಪಕ್ಕದ ನರ್ಸೊಬ್ಬಳು, ನೀವು ಯಾವ ವಾರ್ಡಿನವರು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನಾನು ನರ್ಸ್ ಅಲ್ಲ" ಎಂದರು ಭಾವ. "ನಮ್ಮಪ್ಪ ಸ್ಟ್ರೈಕ್ ಮಾಡಿದ್ರು."