ಸೋಮವಾರ ಬಂದ ಅಲೆ

ನೂರ ಮೂವತ್ತು ಕೋಟಿ ವರ್ಷಗಳ ಹಿಂದೆ ಎರಡು ಕಪ್ಪುರಂಧ್ರಗಳು ಡಿಕ್ಕಿ ಹೊಡೆದು ಒಂದಾದವು. ಅಲ್ಲಿಂದ ಹೊರಟ ಗುರುತ್ವದ ಅಲೆ ಮಾರ್ಚ್ ಎಂಟರ ಭಾನುವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಭೂಮಿಯನ್ನು ಹಾದುಹೋಯಿತು. ಜೋಗೇಶ್ವರಿಯ ಖಗೋಳ ಅಧ್ಯಯನ ಸಂಸ್ಥೆಗೆ ಭಾನುವಾರ ರಜೆ.

ಅಲೆ ಅರ್ಧ ಸೆಕೆಂಡೂ ಇರಲಿಲ್ಲ. ವಿದೇಶದ ಎರಡು ವೀಕ್ಷಣಾಲಯಗಳ ಯಂತ್ರಗಳು ಅದನ್ನು ದಾಖಲಿಸಿಕೊಂಡವು. ದಾಖಲೆಯ ಗದ್ದಲದೊಳಗೆ ಅದನ್ನು ಮೊದಲು ಗುರುತಿಸಿದವಳು ಮಲಾಡಿನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಡಾ. ಹರಿಣಿ. ಆಕೆ ಸಂಸ್ಥೆಯಲ್ಲಿ ಹನ್ನೊಂದು ವರ್ಷಗಳಿಂದ ತಾತ್ಕಾಲಿಕ. ಕಾಯಂ ಆಗಲು ಒಂದು ಸ್ವತಂತ್ರ ಸಂಶೋಧನೆ ಬೇಕಿತ್ತು. ಮಾರ್ಚ್ ಮೂವತ್ತೊಂದರೊಳಗೆ ಅದಾಗದಿದ್ದರೆ ಕೆಲಸವೂ ಇಲ್ಲ.

ಮರುದಿನ ಆಕೆ ಅಲೆಯ ನಕ್ಷೆ ಹಿಡಿದು ಇನ್‌ವರ್ಡ್ ವಿಭಾಗಕ್ಕೆ ಹೋದಳು. ಸಂಸ್ಥೆಯ ಹದಿನಾಲ್ಕನೇ ನಿಯಮದಂತೆ, ಹೊರಗಿನಿಂದ ಬರುವ ಯಾವುದೇ ಪತ್ರ, ಪಾರ್ಸೆಲ್, ಉಪಕರಣ ಅಥವಾ ವಿದ್ಯಮಾನವು ಇನ್‌ವರ್ಡ್ ಮೊಹರು ಬಿದ್ದ ಕ್ಷಣದಲ್ಲೇ ಬಂದದ್ದೆಂದು ಭಾವಿಸತಕ್ಕದ್ದು. ‘ವಿದ್ಯಮಾನ’ ಎಂಬುದನ್ನು, ಧೂಮಕೇತುವೊಂದು ಯಾರಿಗೂ ತಿಳಿಸದೆ ಬಂದುಹೋದ ಮೇಲೆ ಸೇರಿಸಲಾಗಿತ್ತು.

ಮೊಹರಿನ ಅಧಿಕಾರ ವಿಜಯಪುರದ ಶೆಟ್ಟೆಪ್ಪನದು.

"ಯಾವಾಗ ಬಂತ್ರೀ ಇದು?"

"ನಿನ್ನೆ. ಮೂರು ಹನ್ನೆರಡಕ್ಕೆ."

"ನಿನ್ನಿ ಸೂಟಿ ಇತ್ತಲ್ರೀ ಮೇಡಂ. ಯಾರು ತಗೊಂಡ್ರು?"

"ಯಾರೂ ತಗೊಳ್ಳೋದಲ್ಲ ಶೆಟ್ಟೆಪ್ಪನವರೇ. ಅದು ಎಲ್ಲರ ಮೂಲಕ ಹಾದುಹೋಯಿತು. ನಿಮ್ಮ ಮೂಲಕವೂ."

ಶೆಟ್ಟೆಪ್ಪ ತನ್ನ ಅಂಗಿ ನೋಡಿಕೊಂಡ. "ನಿನ್ನಿ ನಾ ಡೊಂಬಿವಲಿಯೊಳಗ ಮಾವನ ಮನ್ಯಾಗಿದ್ದೆ. ಅಲ್ಲಿ ಬಂದದ್ದು ಆಫೀಸಿಗೆ ಬಂದಂಗ ಹ್ಯಾಂಗ ಆಗ್ತದ್ರೀ?"

ಮೊಹರು ಬಿತ್ತು. ಸ್ವೀಕೃತ: ಸೋಮವಾರ, ಬೆಳಿಗ್ಗೆ 10.40. ಸ್ಥಿತಿ: ಒಡೆದಿಲ್ಲ.

ಹರಿಣಿ ನೇರ ರಿಜಿಸ್ಟ್ರಾರ್ ಮಾಧುರಿಯವರ ಕೋಣೆಗೆ ಹೋದಳು. ಧಾರವಾಡದ ಮಾಧುರಿ ಗೌಪ್ಯ ವಿಷಯಗಳಿಗೆ ಮಾತ್ರ ಕನ್ನಡ ಬಳಸುತ್ತಿದ್ದರು. ನಕ್ಷೆಯ ಮೇಲಿನ ಮೊಹರು ನೋಡಿ ಬಾಗಿಲು ಹಾಕಿಸಿದರು.

"ಭಾನುವಾರದ ಅಲಿ ಎಷ್ಟು ಮಂದೀದು?"

"ಪ್ರಬಂಧದಲ್ಲಿ ಸಾವಿರದ ಇನ್ನೂರು ಹೆಸರು ಬರುತ್ತೆ ಮೇಡಂ."

"ಅಂದ್ರ ನಿಮ್ಮ ಪಾಲು ಸಾವಿರದ ಇನ್ನೂರರಾಗ ಒಂದು. ಅಷ್ಟಕ್ಕ ಕಾಯಂ ಮಾಡ್ಲಿಕ್ಕೆ ಬರಂಗಿಲ್ಲ. ಸೋಮವಾರದ್ದನ್ನ ಮತ್ತ್ಯಾರು ನೋಡ್ಯಾರ?"

"ಯಾರೂ ಇಲ್ಲ. ಸೋಮವಾರ ಜಗತ್ತಿನ ಯಾವ ಯಂತ್ರದಲ್ಲೂ ಏನೂ ಇಲ್ಲ."

"ಹಂಗಾದ್ರ ಪೂರ್ತಿ ನಿಮ್ಮದೇ. ಅಭಿನಂದನೆಗಳು."

"ಆದರೆ ಅದು ಬಂದೇ ಇಲ್ಲ ಮೇಡಂ!"

"ಹಂಗಂತ ಬರದ ಕೊಡ್ರಿ, ನಾವು ಬ್ಯಾಡ ಅನ್ನಂಗಿಲ್ಲ. ಮೂವತ್ತೊಂದಕ್ಕ ನಿಮ್ಮ ಬೀಳ್ಕೊಡುಗಿ. ಸಮೋಸಾ ಹೇಳೇವಿ. ಕ್ಯಾನ್ಸಲ್ ಮಾಡ್ಲಿಕ್ಕೂ ಬರ್ತದ."

ಹರಿಣಿ ಯೋಚಿಸಲು ಒಂದು ದಿನ ಕೇಳಿದಳು. ಅರ್ಧ ದಿನ ಮಂಜೂರಾಯಿತು.

ಮನೆಯಲ್ಲಿ ಅಮ್ಮ ವಾರಿಜಾ ಬಸಳೆ ಸೋಸುತ್ತಾ ಎಲ್ಲ ಕೇಳಿಸಿಕೊಂಡರು. "ಎಂತ ಮಾರಾಯ್ತಿ, ಹನ್ನೊಂದು ವರ್ಷ ನೀನು ಇರುವ ಅಲೆಯನ್ನೇ ಹುಡುಕಿದಿ, ಯಾರೂ ಕಾಯಂ ಮಾಡ್ಲಿಲ್ಲ. ಈಗ ಇಲ್ಲದ್ದೊಂದು ಸಿಕ್ಕಿದೆ. ಬಿಡ್ಬೇಡ."

ಬೆಳಿಗ್ಗೆ ಹರಿಣಿ, ಸೋಮವಾರದ ಅಲೆ ತನ್ನ ಸ್ವತಂತ್ರ ಸಂಶೋಧನೆಯೆಂಬ ಕಾಯಮಾತಿ ಅರ್ಜಿಗೆ ಸಹಿ ಹಾಕಿದಳು. ಸಂದರ್ಶನದಲ್ಲಿ ತಜ್ಞರೊಬ್ಬರು ಅಲೆ ಯಾವ ದಿಕ್ಕಿನಿಂದ ಬಂತೆಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹರಿಣಿ, "ಇನ್‌ವರ್ಡ್ ವಿಭಾಗದಿಂದ" ಎಂದಳು. ಮೂಲದ ಸ್ಥಾನವನ್ನು ಇಷ್ಟು ನಿಖರವಾಗಿ ಈವರೆಗೆ ಯಾರೂ ಗುರುತಿಸಿಲ್ಲವೆಂದು ಸಮಿತಿ ಷರಾ ಬರೆಯಿತು. ಆಕೆ ಕಾಯಂ ಆದಳು, ವಿಭಾಗದ ಮುಖ್ಯಸ್ಥೆಯೂ ಆದಳು.

ಮುಖ್ಯಸ್ಥೆಯ ಮೇಜಿಗೆ ಬಂದ ಮೊದಲ ಕಡತ ಆ ಎರಡು ವೀಕ್ಷಣಾಲಯಗಳಿಗೆ ಹೋಗಬೇಕಿದ್ದ ನೋಟಿಸು. ಸೋಮವಾರದ ಅಲೆಯನ್ನು ಗಮನಿಸದೆ ಕರ್ತವ್ಯಲೋಪ ಎಸಗಿದ್ದೇಕೆಂದು ಹದಿನೈದು ದಿನಗಳೊಳಗೆ ವಿವರಣೆ ನೀಡತಕ್ಕದ್ದು. ಹರಿಣಿ ಎರಡು ಸಲ ಓದಿ, ಒಂದು ಅಲ್ಪವಿರಾಮ ತಿದ್ದಿ ಕಳಿಸಿದಳು.

ಒಂದು ವೀಕ್ಷಣಾಲಯ ವಿಷಾದ ವ್ಯಕ್ತಪಡಿಸಿತು. ಇನ್ನೊಂದು, ಮರುಪರಿಶೀಲಿಸಿದಾಗ ಸೋಮವಾರ ಬೆಳಿಗ್ಗೆ ಕ್ಷೀಣವಾಗಿ ಏನೋ ಇದ್ದಂತೆ ಕಾಣುತ್ತದೆಂದೂ, ಸಂಶೋಧನೆಯಲ್ಲಿ ತಮ್ಮನ್ನೂ ಸೇರಿಸಿಕೊಳ್ಳಬೇಕೆಂದೂ ವಿನಂತಿಸಿತು.

ಸೇರಿಸಿಕೊಂಡರೆ ಹರಿಣಿಯ ಪಾಲು ಅರ್ಧವಾಗುತ್ತಿತ್ತು. ಅರ್ಜಿ ಅವಧಿ ಮೀರಿದೆಯೆಂದು ಬರೆದು, ಆಕೆ ಅದನ್ನು ವಾಪಸು ಕಳಿಸಿದಳು.