ಟೊಳ್ಳು ಮೂಳೆ

ಕದಿರಪ್ಪನ ಅಂದಿನ ಫಜೀತಿಗೆಲ್ಲ ಮೂಲ ಒಂದು ಕುರ್ಚಿ. ಕ್ಯಾಲನೂರಿನ ಹಾಲಿನ ಡೈರಿಯಲ್ಲಿ ವರ್ಷಗಟ್ಟಲೆ ನಿಂತುಕೊಂಡೇ ಹಾಲು ಅಳೆದಿದ್ದವನಿಗೆ ಆ ಬೆಳಿಗ್ಗೆ ಅಧ್ಯಕ್ಷರು ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟರು.

"ಕೂತ್ಕೋ ಕದಿರಪ್ಪ. ತಂಗಿಗೆ ಮೂಳೆ ಕೊಡೋಕ್ ಹೋಗ್ತಿದ್ದೀಯಂತೆ."

ವಿಷಯ ಇಷ್ಟೇ. ಮುಳಬಾಗಿಲಿಗೆ ಕೊಟ್ಟಿದ್ದ ತಂಗಿ ಶ್ಯಾಮಲಮ್ಮನ ಮೂಳೆಗಳಲ್ಲಿ ರಕ್ತ ಹುಟ್ಟುವುದೇ ನಿಂತುಹೋಗಿತ್ತು. ಅಣ್ಣನ ಮೂಳೆಯೊಳಗಿನ ಮಜ್ಜೆ ಅವಳಿಗೆ ಹೊಂದುತ್ತದೆ, ಅದನ್ನು ಅವಳ ಮೈಗೆ ಸೇರಿಸಿದರೆ ಹೊಸ ರಕ್ತ ಹುಟ್ಟಬಹುದು, ಬೇರೆ ದಾರಿಯಿಲ್ಲ ಎಂದು ವೆಲ್ಲೂರಿನ ಡಾಕ್ಟರು ಹೇಳಿದ್ದರು. ಎಂಬತ್ತೇಳನೇ ಇಸವಿಯಲ್ಲಿ ಕೋಲಾರದ ಕಡೆ ಯಾರೂ ಕೇಳಿರದ ಚಿಕಿತ್ಸೆ ಅದು. ಅಣ್ಣ ಮುಳಬಾಗಿಲಿಗೆ ಹೋಗಿ ತಂಗಿಯನ್ನು ಕರೆದುಕೊಂಡು ಅಂದು ಸಂಜೆಯೊಳಗೆ ವೆಲ್ಲೂರಿನ ಆಸ್ಪತ್ರೆ ಸೇರಬೇಕಿತ್ತು. ತಪ್ಪಿದರೆ ಹಾಸಿಗೆ ಇನ್ನೊಬ್ಬರಿಗೆ. ಮತ್ತೆ ಸರದಿ ಬರುವವರೆಗೆ ಶ್ಯಾಮಲಮ್ಮ ಉಳಿಯುವುದು ಅನುಮಾನ.

"ನಿಮಗೇನೂ ಆಗಲ್ಲ. ಸೊಂಟದ ಮೂಳೆಯಿಂದ ಸೂಜೀಲಿ ಸ್ವಲ್ಪ ತೆಗೀತೀವಿ. ಬಾವಿ ನೀರಿನ ಥರ ಮತ್ತೆ ಊರುತ್ತೆ" ಎಂದೂ ಡಾಕ್ಟರು ಕದಿರಪ್ಪನಿಗೆ ಹೇಳಿದ್ದರು.

ಅದನ್ನು ಇದ್ದ ಹಾಗೇ ಹೇಳಿದರೆ ಕುರ್ಚಿಗೇನು ಬೆಲೆ? ನಲವತ್ತು ದಾಟಿದ ಮೇಲೆ ಮೊದಲ ಸಲ ಜನ ಅವನ ಮುಖ ನೋಡಿ ಮಾತಾಡುತ್ತಿದ್ದರು, ಪಾಪ. "ಒಂದು ಕಾಲು ಪೂರ್ತಿ ಟೊಳ್ಳಾಗ್ತದಂತೆ" ಎಂದುಬಿಟ್ಟ. ಹಾಲಿಗೆ ನೀರು ಬೆರೆಸಿ ದಿನಾ ಅವನೊಂದಿಗೆ ಜಗಳ ಕಾಯುವ ಮುನಿಗಂಗಮ್ಮ ಕಣ್ಣೊರೆಸಿಕೊಂಡು, ನೀರಿಲ್ಲದ ಹಾಲು ಕಾಯಿಸಿ ತಂದು ಕುಡಿಸಿದಳು.

ಕೋಲಾರದ ಬಸ್ಸಿನಲ್ಲಿ ಒಂದು ಕಾಲು ಎರಡಾಯಿತು. ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟ. ಇಷ್ಟೆಲ್ಲ ಮರ್ಯಾದೆ ಮಾಡಿದವರ ಎದುರು ನೆಟ್ಟಗೆ ನಡೆಯುವುದು ಸರಿಯಲ್ಲವೆನಿಸಿ, ಇಳಿಯುವಾಗ ಕದಿರಪ್ಪ ಸ್ವಲ್ಪ ಕುಂಟಿದ.

ಕೋಲಾರದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಖುದ್ದೂಸ್ ಸಾಹೇಬರ ಕಾಲು ಸೂಪಿನ ಅಂಗಡಿ. ಸುದ್ದಿ ಕೇಳಿ ಅವರು ದೊಡ್ಡ ಬಟ್ಟಲನ್ನೇ ತುಂಬಿಸಿದರು.

"ಕುಡೀರಿ ಭಾಯ್. ಮೂಳೆ ರಸ ಮೂಳೆಗೇ ಹೋಗ್ತದೆ. ಅಲ್ಲಿ ಖಾಲಿ ಆಗೋದು ಇಲ್ಲೇ ತುಂಬ್ಕೊಳ್ಳಿ."

ಪಕ್ಕದ ಬೆಂಚಿನಲ್ಲಿ ಗಂಗುಲಪ್ಪ ಕೂತಿದ್ದ. ರೇಷ್ಮೆಗೂಡಿನ ವ್ಯಾಪಾರಿ, ಮುಳಬಾಗಿಲಲ್ಲಿ ಶ್ಯಾಮಲಮ್ಮನ ಎದುರು ಮನೆಯವನು.

"ಬೆನ್ನು ಮೂಳೆಗೂ ಕೈ ಹಾಕ್ತಾರಾ ನಾಯ್ನಾ?" ಎಂದು ಕೇಳಿದ.

"ಹಾಕ್ದೆ ಬಿಡ್ತಾರಾ? ಆಮೇಲೆ ಎದ್ದು ಕೂತ್ರೆ ನನ್ನ ಪುಣ್ಯ" ಎಂದ ಕದಿರಪ್ಪ.

ಗಂಗುಲಪ್ಪ ತನ್ನ ಬಟ್ಟಲನ್ನು ಅರ್ಧಕ್ಕೇ ಬಿಟ್ಟ. ಎದ್ದು, ಹೊರಡಲಿದ್ದ ಮುಳಬಾಗಿಲಿನ ಬಸ್ಸು ಹತ್ತಿದ. ಅದೇ ಬಸ್ಸಿಗೆ ಹೋಗಬೇಕಿದ್ದ ಕದಿರಪ್ಪನ ಮುಂದೆ ಎರಡನೆಯ ಬಟ್ಟಲು ಬಂದಿತ್ತು. ಅಷ್ಟು ಅಕ್ಕರೆಯಿಂದ ಕೊಟ್ಟಿದ್ದನ್ನು ಬಿಟ್ಟು ಏಳಲಾಗಲಿಲ್ಲ.

ಮುಂದಿನ ಬಸ್ಸು ನರಳುತ್ತ ಮುಳಬಾಗಿಲು ಮುಟ್ಟುವಷ್ಟರಲ್ಲಿ ಎರಡು ಬಟ್ಟಲೂ ಹೊಟ್ಟೆಯಲ್ಲಿ ತಿರುಗಿಬಿದ್ದಿದ್ದವು. ಸೊಂಟ ಹಿಡಿದು, ಬಾಗಿ, ಒಂದೊಂದೇ ಹೆಜ್ಜೆ ಎತ್ತಿಡುತ್ತ ಅವನು ತಂಗಿಯ ಮನೆ ತಲುಪಿದ. ಈ ಸಲದ ಕುಂಟು ಮಾತ್ರ ನಿಜವಾದದ್ದು.

ಶ್ಯಾಮಲಮ್ಮ ಬಾಗಿಲಲ್ಲೇ ಕೂತಿದ್ದಳು. ಮುಖ ಸುಣ್ಣದಂತೆ ಬಿಳಿಚಿತ್ತು. ಅವನ ನಡಿಗೆಯನ್ನು ಬೀದಿಯ ತುದಿಯಿಂದ ಹೊಸ್ತಿಲವರೆಗೂ ನೋಡಿ, ಹಿಂತಿರುಗಿ ಗಂಡನಿಗೆ ಹೇಳಿದಳು.

"ಚೀಲ ಬಿಚ್ಚಿಬಿಡಿ."

ಗಂಡ ಆಂಜಿನಪ್ಪ ಗೋಡೆಗೆ ಒರಗಿ ನಿಂತಿದ್ದ. "ಗಂಗುಲಪ್ಪ ಬಂದು ಹೇಳ್ದ ಭಾವ. ಇವಳು ನಂಬಲಿಲ್ಲ. ಅಣ್ಣ ಬರಲಿ, ನಡಿಗೆ ನೋಡಿದ್ರೆ ಗೊತ್ತಾಗ್ತದೆ ಅಂತ ಕಾಯ್ತಿದ್ಲು."

"ಪರೀಕ್ಷೆಗೆ ಒಂಚೂರು ತೆಗೆದಿದ್ದಕ್ಕೇ ಹಿಂಗಾಗಿದ್ದೀಯಲ್ಲಣ್ಣ" ಎಂದಳು ಶ್ಯಾಮಲಮ್ಮ. "ನಿನ್ನ ಮೂಳೆ ಟೊಳ್ಳು ಮಾಡಿ ನಾನು ಬದುಕಲ್ಲ."

"ಪರೀಕ್ಷೆಗೆ ತೆಗೆದಿದ್ದು ಕೈಯಿಂದ ರಕ್ತ ಕಣಮ್ಮ. ನನಗೇನೂ ಆಗಿಲ್ಲ. ಸೂಪು ಜಾಸ್ತಿ ಕುಡಿದು ಹೊಟ್ಟೆ ನೋವು. ಗಂಗುಲಪ್ಪನ ಹತ್ರ ಸುಮ್ನೆ ಬಡಾಯಿ ಕೊಚ್ಚಿದೆ."

ಆ ದಿನವೆಲ್ಲ ಅವನು ಆಡಿದ ಸತ್ಯ ಅದೊಂದೇ.

"ಚಿಕ್ಕೋರಿದ್ದಾಗ ನಾನು ಒಡೆದ ಗಡಿಗೆನ ‘ನಾನೇ ಒಡೆದೆ’ ಅಂತ ಅಪ್ಪನ ಹತ್ರ ಏಟು ತಿಂದೋನು ನೀನು. ನನಗೋಸ್ಕರ ನೀನು ಹೆಂಗೆ ಸುಳ್ಳು ಹೇಳ್ತೀಯ ಅಂತ ನನಗೆ ಗೊತ್ತಿಲ್ವಾ?"

ಕದಿರಪ್ಪ ಅಂಗಳಕ್ಕಿಳಿದು, ಕಾಲು ಗಟ್ಟಿಯಿದೆಯೆಂದು ತೋರಿಸಲು ಎತ್ತರಕ್ಕೆ ನೆಗೆದ. ಹೊಟ್ಟೆ ಹಿಂಡಿ ಕೆಳಗೆ ಬಿದ್ದ. ಸೇರಿದ್ದ ನೆರೆಯವರು ಅವನನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿದರು. ಏಳಲು ಹೋದರೆ ಗಂಗುಲಪ್ಪ ಅಳುತ್ತ ಎದೆ ಒತ್ತಿ ಹಿಡಿದ. ಶ್ಯಾಮಲಮ್ಮನ ಕಾಲು ಹಿಡಿಯಲು ಕೈ ಚಾಚಿದರೆ ಅವಳು ಕಾಲು ಎಳೆದುಕೊಂಡಳು. ಸಂಜೆಯೊಳಗೆ ವೆಲ್ಲೂರು ಮುಟ್ಟಬಹುದಾಗಿದ್ದ ಕೊನೆಯ ಬಸ್ಸು ಹಾರನ್ ಹೊಡೆದು ರಸ್ತೆಯಲ್ಲಿ ಹಾದುಹೋಯಿತು. ಕದಿರಪ್ಪ ಮಗುವಿನಂತೆ ಅತ್ತ. ಆ ಅಳುವನ್ನೂ ಅವರು ಮೂಳೆ ನೋವೆಂದೇ ತಿಳಿದರು.

ಸ್ವಲ್ಪ ಹೊತ್ತಿಗೆ ಶ್ಯಾಮಲಮ್ಮ ಗೋಡೆ ಹಿಡಿದು ಎದ್ದು, ಒಳಗಿನಿಂದ ಒಂದು ಬಟ್ಟಲು ತಂದು ಅವನ ಪಕ್ಕ ಕೂತಳು.

"ಆರೋಕ್ ಮುಂಚೆ ಕುಡಿಯಣ್ಣ. ಎದುರು ಮನೆಯೋರು ಕಾಲು ಸೂಪು ಮಾಡ್ಕೊಟ್ಟಿದ್ದಾರೆ. ಮೂಳೆಗೆ ಒಳ್ಳೇದಂತೆ."