ಸರ್ವೆ ನಂಬರ್ ನೂರ ನಾಲ್ಕರ ಮೋಟೋಕ್ರಾಸ್ ಬೆಳೆ

ಮೋಟೋಕ್ರಾಸ್ ಒಂದು ಮುಂಗಾರು ಬೆಳೆ. ಖುಷ್ಕಿ ಜಮೀನಿನಲ್ಲಿ, ಮಳೆಯಾಶ್ರಯದಲ್ಲಿ ಬರುತ್ತದೆ. ಇದು ನನ್ನ ಅಭಿಪ್ರಾಯವಲ್ಲ, ಸರ್ಕಾರಿ ದಾಖಲೆ. ಅನುಮಾನವಿದ್ದವರು ಹಗರೆ ಕಡೆಯ ಸರ್ವೆ ನಂಬರ್ ನೂರ ನಾಲ್ಕರ ಪಹಣಿ ತೆಗೆಸಿ ಬೆಳೆ ಕಲಂ ನೋಡಿಕೊಳ್ಳಬಹುದು. ಅಖಿಲ ಭಾರತ ಕೆಸರುದಾರಿ ಮೋಟೋಕ್ರಾಸ್ ಸರಣಿಯ ಇತಿಹಾಸ ಬರೆಯಲು ನೇಮಕವಾದ ಸಮಿತಿಯಲ್ಲಿ ಈಗ ಉಳಿದಿರುವವನು ನಾನೊಬ್ಬನೇ ಆದ್ದರಿಂದ, ಸಮಿತಿಯು ಇದನ್ನು ಸರ್ವಾನುಮತದಿಂದ ಒಪ್ಪಿದೆ.

ಮಣ್ಣುಗುಡ್ಡೆ ಹಾಕಿ ಅದರ ಮೇಲಿಂದ ಬೈಕು ಹಾರಿಸುವ ಈ ಪಂದ್ಯ ಊರೂರು ಸುತ್ತುತ್ತ, 2001ರ ಜೂನ್‌ನಲ್ಲಿ ನಾಲ್ಕನೇ ಸುತ್ತಿಗೆ ನಮ್ಮ ಕಡೆ ಬಂತು. ಸರಣಿಯ ಜಿಲ್ಲಾ ಕಾರ್ಯದರ್ಶಿ ಅರಸೀಕೆರೆಯ ಶಶಿಧರ್. ಅಪ್ಪನದು ಕೊಬ್ಬರಿ ಮಂಡಿ, ಮಗನದು ಬೈಕಿನ ಶೋರೂಮು. ಜಾಗ ಹುಡುಕುತ್ತ ಬಂದವನು ಜವರಯ್ಯನ ಎರಡೆಕರೆ ಹೊಲದ ಮುಂದೆ ಕಾರು ನಿಲ್ಲಿಸಿದ.

"ಒಂದೇ ಒಂದು ಭಾನುವಾರ ಕಣ್ರೀ. ಗುಡ್ಡೆ ಹಾಕ್ತೀವಿ, ಹಾರಿಸ್ತೀವಿ, ಸೋಮವಾರ ಮಟ್ಟ ಮಾಡಿ ಕೊಡ್ತೀವಿ."

"ರಾಗಿ ಬಿತ್ತೋ ಹೊತ್ಗೆ ಬಿಟ್ಕೊಟ್ರೆ ಸಾಕು ಸ್ವಾಮಿ," ಎಂದ ಜವರಯ್ಯ.

ಭಾನುವಾರ ಇಪ್ಪತ್ಮೂರು ಬೈಕು ಹಾರಿದವು, ಒಬ್ಬನ ಕಾಲು ಮುರಿಯಿತು, ಹಗರೆಯ ಹೋಟೆಲಿನಲ್ಲಿ ಇಡ್ಲಿ ಎಂಟು ಗಂಟೆಗೇ ಖಾಲಿಯಾಯಿತು. ಸೋಮವಾರ ಮಟ್ಟ ಮಾಡುವವರು ಬರಲಿಲ್ಲ. ಬಂದವರು ಗ್ರಾಮ ಲೆಕ್ಕಿಗ ನಂಜುಂಡಯ್ಯನವರು. ಯಾವ ಹೊಲದಲ್ಲಿ ಯಾವ ಬೆಳೆ ಇದೆಯೆಂದು ನೋಡಿ ಬರೆದುಕೊಳ್ಳುವುದು ಅವರ ಕೆಲಸ.

ನಂಜುಂಡಯ್ಯನವರು ಒಳ್ಳೆಯವರು. ಇದನ್ನು ದಾಖಲಿಸಲೇಬೇಕು, ಏಕೆಂದರೆ ಮುಂದಿನ ತೊಂದರೆಯೆಲ್ಲ ಅವರ ಒಳ್ಳೆಯತನದಿಂದಲೇ ಆದದ್ದು. ಜವರಯ್ಯನದು ಸರ್ಕಾರ ಮಂಜೂರು ಮಾಡಿದ ಜಮೀನು. ಅವನ ಅಪ್ಪ ಕಚೇರಿ ಮೆಟ್ಟಿಲು ಸವೆಸಿ ಪಡೆದದ್ದು. ಬೀಳು ಬಿದ್ದಿದೆ ಎಂದು ಬರೆದರೆ ವಾಪಸ್ ಹೋಗುತ್ತದೆ. ರಾಗಿ ಎಂದು ಬರೆದರೆ ಸುಳ್ಳಾಗುತ್ತದೆ. ಹೊಲದ ತುಂಬ ಕಣ್ಣಿಗೆ ಬಿದ್ದದ್ದು ಟೈರಿನ ಗುರುತು. ನಂಜುಂಡಯ್ಯನವರು ಬೆಳೆ ಕಲಮಿನಲ್ಲಿ 'ಮೋಟೋಕ್ರಾಸ್' ಎಂದು ಗುಂಡಗೆ ಬರೆದು, ಒಂದು ಉಪಕಾರ ಮಾಡಿದ ಸಮಾಧಾನದಲ್ಲಿ ಬಸ್ಸು ಹತ್ತಿದರು.

ಅದೇ ವರ್ಷ ಪಹಣಿ ಕಂಪ್ಯೂಟರಿಗೆ ಏರಿತು. ಕಂಪ್ಯೂಟರ್ ತಕರಾರು ತೆಗೆಯಲಿಲ್ಲ. ಬೆಳೆಗಳ ಪಟ್ಟಿಯಲ್ಲಿ ಮೆಣಸಿನಕಾಯಿಯ ಕೆಳಗೆ, ಮೋಸಂಬಿಯ ಮೇಲೆ ಅದಕ್ಕೊಂದು ಜಾಗ ಕೊಟ್ಟಿತು.

ಜವರಯ್ಯನೂ ಹೆಂಡತಿ ರುದ್ರಮ್ಮನೂ ಗುದ್ದಲಿ ಹಿಡಿದು ಗುಡ್ಡೆಗಳನ್ನು ಮಟ್ಟ ಮಾಡುವಷ್ಟರಲ್ಲಿ ಆ ವರ್ಷದ ಹದ ತಪ್ಪಿತು. ಮರುವರ್ಷ ಕೃಷಿ ಇಲಾಖೆಗೆ ಬಿತ್ತನೆ ಬೀಜ ಕೇಳಲು ಹೋದರೆ, ಮೋಟೋಕ್ರಾಸ್ ಬೆಳೆಗಾರರಿಗೆ ರಾಗಿ ಬೀಜ ಕೊಡುವ ಆದೇಶವಿಲ್ಲವೆಂದು ತಾಲೂಕು ಕಚೇರಿಗೆ ಅಟ್ಟಿದರು. ಅಲ್ಲಿ ಶಿರಸ್ತೇದಾರ್ ಚನ್ನಪ್ಪನವರು ಪಹಣಿಯನ್ನು ಎರಡು ಸಲ ಓದಿದರು.

"ನಿಮ್ಮ ಹೊಲದಲ್ಲಿ ಬೆಳೆ ನಿಂತಿದೆಯಲ್ರೀ."

"ಹುಲ್ಲುಕಡ್ಡೀನೂ ಇಲ್ಲ ಸ್ವಾಮಿ, ಬಂದ್ ನೋಡಿ."

"ಹಾಗಾದ್ರೆ ಕಟಾವು ಆಯ್ತಾ?"

"ಬಿತ್ತೇ ಇಲ್ಲ, ಕುಯ್ಯೋದ್ ಎಲ್ಲಿಂದ?"

"ಕಟಾವು ಆಗಿಲ್ಲ ಅಂತ ನೀವೇ ಒಪ್ಕೊಂಡ್ರಿ," ಎಂದು ಚನ್ನಪ್ಪನವರು ಸಂತೋಷದಿಂದ ಬರೆದುಕೊಂಡರು. ವಾರದಲ್ಲಿ ನೋಟೀಸು ಬಂತು:

"ಸರ್ವೆ ನಂ. 104ರಲ್ಲಿ ನಿಂತಿರುವ ಮೋಟೋಕ್ರಾಸ್ ಬೆಳೆಯನ್ನು ಸದರಿ ಬೆಳೆಯ ವಾಡಿಕೆಯ ರೀತಿಯಲ್ಲಿ ಕಟಾವು ಮಾಡತಕ್ಕದ್ದು. ತಪ್ಪಿದಲ್ಲಿ ಜಮೀನನ್ನು ಸರ್ಕಾರದ ವಶಕ್ಕೆ ಪಡೆಯಲಾಗುವುದು."

ಈ ಬೆಳೆಯ ವಾಡಿಕೆಯೆಂದರೆ ಪಂದ್ಯವೇ ಆದ್ದರಿಂದ, ಇನ್ನೊಂದು ಪಂದ್ಯ ನಡೆಸಿಕೊಡಿ ಎಂದು ಕೇಳಲು ಜವರಯ್ಯ ನೋಟೀಸನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಅರಸೀಕೆರೆಗೆ ಹೋದ. ಶೋರೂಮಿನಲ್ಲಿ ಬೈಕು ಒಂದೂ ಇರಲಿಲ್ಲ.

"ಸರಣಿ ನಿಂತೋಯ್ತು ಜವರಯ್ಯೋರೇ," ಎಂದ ಶಶಿಧರ್. "ಕಂಪನಿಯೋರು ಕೈಬಿಟ್ರು. ನಾನೀಗ ಬೋರ್‌ವೆಲ್ ಪಂಪು ಮಾರ್ತಿದೀನಿ."

"ಹಂಗಾದ್ರೆ ನನ್ ಹೊಲ ಓಯ್ತದೆ ಸ್ವಾಮಿ. ನಮ್ಮಪ್ಪ ಸಾಯೋವಾಗ ಅದನ್ನೇ ಕೈಗ್ ಕೊಟ್ಟಿದ್ದು."

ಶಶಿಧರನಿಗೆ ಪಾಪ ಅನ್ನಿಸಿತು. ಪಂಪಿನ ಮೇಲೆ ಧೂಳು ಕೂರದಂತೆ ಹೊದಿಸಿದ್ದ, ಪಂದ್ಯದಲ್ಲಿ ಬೀಸುವ ಕಪ್ಪುಬಿಳಿ ಚೌಕುಳಿ ಬಾವುಟವನ್ನು ಕೊಡವಿ ಕೊಟ್ಟ. ಸರಣಿಯ ಮೊಹರನ್ನೂ ಕೊಟ್ಟ. ನಿಯಮಾವಳಿಯಲ್ಲಿ ಸವಾರರು ಗರಿಷ್ಠ ನಲವತ್ತು ಎಂದಿತ್ತು. ಕನಿಷ್ಠದ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ.

ಇತ್ತ ಮಳೆ ಬಿದ್ದು ಮೂರು ದಿನವಾಗಿತ್ತು. ರುದ್ರಮ್ಮ ಗೆಂಡೆಹಳ್ಳಿಯ ತವರಿನಿಂದ ಬಿತ್ತನೆ ರಾಗಿ ತಂದು ಕಾಯುತ್ತಿದ್ದಳು.

"ನಿನ್ ಪಂದ್ಯ ಮುಗಿಯೋವರ್ಗೂ ಹದ ಕಾಯ್ತದಾ? ಗಾಡಿ ಓಡ್ಸು ನೀನು. ನಾನು ಹಿಂದೆ ಕುಂತ್ಕೊಂಡು ಬಿತ್ತೀನಿ."

ಹೀಗೆ 2002ರ ರಾಷ್ಟ್ರೀಯ ಪಂದ್ಯ ನಡೆಯಿತು. ಉತ್ತ ಹೊಲದಲ್ಲಿ ಜವರಯ್ಯನ ಹಳೆಯ ಮೊಪೆಡ್ಡು ಹನ್ನೆರಡು ಸಲ ಸುತ್ತಿತು, ಎರಡು ಸಲ ಮಗುಚಿತು. ರುದ್ರಮ್ಮನ ಮಡಿಲಿನ ರಾಗಿ ಮಾತ್ರ ಒಂದು ಹಿಡಿಯೂ ದಂಡವಾಗಲಿಲ್ಲ. ನಂಜುಂಡಯ್ಯನವರು ಬದುವಿನ ಮೇಲೆ ನಿಂತು ಬಾವುಟ ಬೀಸಿ, ಅಲ್ಲೇ ಕುಳಿತು ಬರೆದರು: "ಮುಖ್ಯ ಬೆಳೆ ಮೋಟೋಕ್ರಾಸ್, ಕಟಾವಾಗಿದೆ. ಅಕ್ಕಡಿ: ರಾಗಿ."

ಮುಖ್ಯ ಬೆಳೆಯ ನಡುವೆ ಹಾಕುವ ಅಕ್ಕಡಿ ಸಾಲಿಗೆ ಸರ್ಕಾರದ ಆಕ್ಷೇಪಣೆ ಇರಲಿಲ್ಲ. ಆದರೆ ಮುಖ್ಯ ಬೆಳೆಯಿಲ್ಲದೆ ಅಕ್ಕಡಿ ಬೆಳೆಯಲು ಬರುವುದಿಲ್ಲವೆಂದು ಚನ್ನಪ್ಪನವರು ಸ್ಪಷ್ಟಪಡಿಸಿದ್ದರಿಂದ, ಪಂದ್ಯ ಪ್ರತಿ ವರ್ಷವೂ ನಡೆಯುತ್ತ ಬಂದಿದೆ. ಜವರಯ್ಯ ಸತತ ಏಳು ವರ್ಷದ ರಾಷ್ಟ್ರೀಯ ಚಾಂಪಿಯನ್. ರೈತರ ದಿನಾಚರಣೆಯಲ್ಲಿ ಅವನಿಗೆ ಪ್ರಗತಿಪರ ಮೋಟೋಕ್ರಾಸ್ ಕೃಷಿಕ ಎಂದು ಶಾಲು ಹೊದಿಸಿದ್ದಾರೆ. ಹಿಂದಿನ ಸೀಟಿನ ರುದ್ರಮ್ಮನಿಗೆ ಶಾಲಿಲ್ಲ. ಅದು ನನಗೆ ಈಗಲೂ ಬೇಜಾರು.

2008ರ ಕಾರ್ತೀಕದಲ್ಲಿ ಸಮಿತಿಯು, ಅಂದರೆ ನಾನು, ಸ್ಥಳ ಪರಿಶೀಲನೆಗೆ ಹೋಗಿ, ಆ ಹೊಲದ ರಾಗಿಯ ಮುದ್ದೆಯನ್ನೇ ಉಂಡೆ. ಕೈ ತೊಳೆಯುತ್ತಿರುವಾಗ ಪಕ್ಕದ ಹೊಲದ ಸಿದ್ದಬಸಪ್ಪ ದಾರಿಯಲ್ಲಿ ನಿಂತು ಕೂಗಿದ.

"ಏನ್ಲಾ ಜವರಯ್ಯ, ಈ ಸಲ ಮೋಟೋಕ್ರಾಸ್ ಹೆಂಗೈತ್ಲಾ?"

"ತೆನೆ ಚೆನ್ನಾಗ್ ಕಟ್ಟೈತೆ ಕಣ್ಲಾ," ಎಂದ ಜವರಯ್ಯ.